ಟೈರಿನ ಪರೀಕ್ಷೆಯೂ ನ್ಯಾಯದ ಪರೀಕ್ಷೆಯೂ

ಯಶವಂತಪುರದ ಮಾರುಕಟ್ಟೆಯ ಅಂಗಳದಲ್ಲಿ ಲಾರಿ ನಿಲ್ಲಿಸಿಕೊಂಡಿರುವ ಯಾವ ಮಾಲೀಕನನ್ನಾದರೂ ಕೇಳಿರಿ. ಎಂಜಿನ್ನು ಎಷ್ಟೇ ಬಲವುಳ್ಳದ್ದಾಗಿರಲಿ, ನೆಲವನ್ನು ಮುಟ್ಟುವುದು ಟೈರೊಂದೇ ಎಂದು ಅವನು ಹೇಳುವನು. ಮೋಟಾರು ಪಂದ್ಯದಲ್ಲಿಯೂ ಇದೇ ಮಾತು ನಿಜ. ಎಲ್ಲರಿಗೂ ಒಂದೇ ಕಂಪೆನಿಯ ಟೈರನ್ನು ಹಂಚುವ ಪಂದ್ಯದಲ್ಲಿ, ಅದು ಎಷ್ಟು ಕಾವಿಗೆ ಹಿಡಿತ ಕೊಡುವುದು, ಎಷ್ಟು ಸುತ್ತಿಗೆ ಸವೆಯುವುದು ಎಂಬುದನ್ನು ಮುಂಚಿತವಾಗಿ ಅರಿತವನು ಅರ್ಧ ಗೆದ್ದಂತೆಯೇ. ಆದಕಾರಣ ಪರೀಕ್ಷಾರ್ಥವಾಗಿ ಯಾರು, ಯಾವಾಗ, ಎಷ್ಟು ದೂರ ಓಡಿಸಬಹುದೆಂಬ ನಿಯಮವು ಕ್ಷುಲ್ಲಕವಾದುದಲ್ಲ. ಟೆಂಡರು ಕರೆದು ಅನುಭವವುಳ್ಳ ನಮ್ಮ ಅಧಿಕಾರಿಗಳು ಇದನ್ನು ಬೇಗನೆ ಗ್ರಹಿಸಬಲ್ಲರು.

2013ನೆಯ ಇಸವಿಯ ಫಾರ್ಮುಲಾ ಒನ್ ಪಂದ್ಯಗಳಲ್ಲಿ ನಡೆದ ಪ್ರಕರಣವು ನಮ್ಮ ನಗರಕ್ಕೂ ಸಂಬಂಧಪಟ್ಟುದು. ಆ ವರ್ಷದ ಪಿರೆಲ್ಲಿ ಟೈರುಗಳು ಬಹು ಬೇಗ ಸವೆಯುತ್ತಿದ್ದವು. ಮೇ 12ರಂದು ಬಾರ್ಸಿಲೋನಾದಲ್ಲಿ ಮರ್ಸಿಡೀಸ್ ತಂಡದ ಎರಡು ಬಂಡಿಗಳೂ ಮುಂದಿನ ಸಾಲಿನಿಂದ ಹೊರಟು, 6ನೆಯ ಮತ್ತು 12ನೆಯ ಸ್ಥಾನಕ್ಕೆ ಜಾರಿದವು. ಮೂರು ದಿನ ಕಳೆದಿರಲಿಲ್ಲ. ಅದೇ ಪಥದಲ್ಲಿ ಮೇ 15ರಿಂದ 17ರವರೆಗೆ ಅದೇ ತಂಡವು ಪಿರೆಲ್ಲಿಯವರಿಗಾಗಿ 1000 ಕಿಲೋಮೀಟರಿನಷ್ಟು ಪರೀಕ್ಷಾ ಓಟವನ್ನು ನಡೆಸಿತು. ಓಡಿಸಿದುದು ಹಳೆಯ ಬಂಡಿಯನ್ನಲ್ಲ, ಆ ವರ್ಷದ ಪಂದ್ಯದ ಬಂಡಿಯನ್ನೇ. ಋತುವಿನ ನಡುವೆ ಹೀಗೆ ಮಾಡಕೂಡದೆಂದು ನಿಯಮವಿದ್ದಿತು. ಸಾರಥಿಗಳು ಗುರುತಿಲ್ಲದ ಶಿರಸ್ತ್ರಾಣಗಳನ್ನು ಧರಿಸಿದ್ದರು! ಉಳಿದ ತಂಡಗಳಿಗೆ ಸುದ್ದಿ ಮುಟ್ಟಿದುದು ಮೊನಾಕೋ ಪಂದ್ಯದ ಹೊತ್ತಿಗೆ. ಮೇ 26ರ ಆ ಪಂದ್ಯವನ್ನು ಗೆದ್ದುದೂ ಮರ್ಸಿಡೀಸೇ.

ಜೂನ್ 20ರಂದು ಪ್ಯಾರಿಸಿನಲ್ಲಿ ವಿಚಾರಣೆಯಾಯಿತು. ದುರುದ್ದೇಶವಿರಲಿಲ್ಲವೆಂದೂ, ಆದರೂ ತಕ್ಕಷ್ಟು ಪ್ರಯೋಜನ ದೊರೆಯಿತೆಂದೂ ನ್ಯಾಯಮಂಡಲಿಯು ತೀರ್ಮಾನಿಸಿತು. ಶಿಕ್ಷೆಯೇನು? ಒಂದು ತಾಕೀತು, ಜತೆಗೆ ತರುಣ ಸಾರಥಿಗಳ ಮೂರು ದಿನದ ಅಭ್ಯಾಸ ಓಟದಿಂದ ಹೊರಗಿಡುವುದು. ಈ ಶಿಕ್ಷೆಯನ್ನು ಸೂಚಿಸಿದವರು ಆಪಾದಿತರ ವಕೀಲರೇ. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಇಂತಹ ಸೌಕರ್ಯವು ದೊರೆಯುವುದನ್ನು ನಾವು ಕಂಡಿಲ್ಲ.

ಇನ್ನು ಫೋರ್ಸ್ ಇಂಡಿಯಾ ತಂಡದ ಮಾತು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯರು ಅದರ ಪಾಲುದಾರರೂ ಮುಖ್ಯಸ್ಥರೂ ಆಗಿದ್ದರು. ಅವರ ಸಾಲಗಳ ಕಥೆ ಬೇರೆ. ಅದನ್ನು ಮುಚ್ಚಿಡುವುದು ನಮ್ಮ ಉದ್ದೇಶವಲ್ಲ. ತಂಡದ ಕಾರ್ಖಾನೆಯು ಇಂಗ್ಲೆಂಡಿನಲ್ಲಿದ್ದರೂ ಅದು ಹೊತ್ತುದು ನಮ್ಮ ದೇಶದ ಹೆಸರನ್ನು. ಸವೆಯುವ ಟೈರನ್ನು ಜೋಪಾನವಾಗಿ ಬಳಸುವ ಬಂಡಿಯನ್ನು ಕಟ್ಟಿ, ಮೊದಲ 8 ಪಂದ್ಯಗಳಲ್ಲಿ 59 ಅಂಕಗಳನ್ನು ಅದು ಗಳಿಸಿತು. ಪ್ರಸಿದ್ಧವಾದ ಮೆಕ್‌ಲಾರೆನ್ ಆಗ ಗಳಿಸಿದ್ದುದು 37. ನಡುವೆ ಟೈರನ್ನು ಬದಲಾಯಿಸಕೂಡದೆಂದು ಲೋಟಸ್, ಫೆರಾರಿ ತಂಡಗಳೊಡನೆ ಇದೂ ವಾದಿಸಿತು. ಸರ್ವಾನುಮತವಿಲ್ಲದೆ ಬದಲಾವಣೆ ಕೂಡದಾಗಿತ್ತು, ಅಪಾಯದ ಕಾರಣವೊಂದನ್ನುಳಿದು. ಜೂನ್ 30ರಂದು ಸಿಲ್ವರ್‌ಸ್ಟನ್ನಿನಲ್ಲಿ ಓಡುತ್ತಿರುವಾಗಲೇ ಹಲವು ಟೈರುಗಳು ಸಿಡಿದವು. ಪ್ರಾಣದ ಪ್ರಶ್ನೆ ಬಂದ ಮೇಲೆ ವಾದಕ್ಕೆ ಎಡೆಯಿಲ್ಲ. ಜರ್ಮನಿಯಲ್ಲಿ ಒಮ್ಮೆ, ಹಂಗೆರಿಯಲ್ಲಿ ಮತ್ತೊಮ್ಮೆ ಟೈರುಗಳು ಬದಲಾದವು. ಉಳಿದ 11 ಪಂದ್ಯಗಳಲ್ಲಿ ಫೋರ್ಸ್ ಇಂಡಿಯಾಕ್ಕೆ ದೊರೆತುದು ಕೇವಲ 18 ಅಂಕ. ಮೆಕ್‌ಲಾರೆನ್ 122ಕ್ಕೆ ಏರಿ ಅದನ್ನು ಹಿಂದೆ ಹಾಕಿತು.

ಇದೆಲ್ಲವೂ ಟೈರಿನಿಂದಲೇ ಆಯಿತೆಂದು ನಾವು ಸಾಧಿಸಲಾರೆವು. ಹೊಸ ಟೈರಿನ ಅಭ್ಯಾಸಕ್ಕೆ ಬರಲಾಗದ ಮರ್ಸಿಡೀಸೇ ಹಂಗೆರಿಯಲ್ಲಿ ಗೆದ್ದಿತೆಂಬುದನ್ನೂ ಹೇಳದಿದ್ದರೆ ವಾಚಕರಿಗೆ ವಂಚನೆ ಮಾಡಿದಂತಾದೀತು. ಗುಟ್ಟಾಗಿ ಪಡೆದ ಜ್ಞಾನದ ಬೆಲೆಯನ್ನು ಕಟ್ಟುವವರು ಯಾರು? ಕಟ್ಟಲಾಗದೆಂಬುದೇ ನಮ್ಮ ಆಕ್ಷೇಪಣೆಯ ತಿರುಳು. ಸೋತವನಿಗೆ ತನ್ನ ಸೋಲಿನ ಕಾರಣವೂ ತಿಳಿಯದಂತಾಗುವುದು.

ಹಾಗಾದರೆ ಪರೀಕ್ಷೆಯನ್ನೇ ನಿಲ್ಲಿಸಬಹುದೆ? ಕೂಡದು. ಅಮೆರಿಕೆಯ ಸ್ಟಾಕ್ ಕಾರ್ ಪಂದ್ಯದಲ್ಲಿ, 2008ರ ಜುಲೈ 27ರಂದು ಇಂಡಿಯಾನಾಪೊಲಿಸ್‌ನಲ್ಲಿ, ಗುಡ್‌ಇಯರ್ ಟೈರುಗಳು ಹತ್ತು ಹನ್ನೆರಡು ಸುತ್ತುಗಳನ್ನೂ ನೆಚ್ಚಿಕೆಯಿಂದ ತಾಳಲಿಲ್ಲ. ಮತ್ತೆ ಮತ್ತೆ ಪಂದ್ಯವನ್ನು ನಿಧಾನಗೊಳಿಸಿ ಟೈರು ಬದಲಾಯಿಸಬೇಕಾಯಿತು. ಮುಂಚಿನ ಪರೀಕ್ಷೆಯನ್ನು ಮೂರೇ ಬಂಡಿಗಳಲ್ಲಿ ಮುಗಿಸಿದ್ದರು.

2014ರಿಂದ ಫಾರ್ಮುಲಾ ಒನ್ ಪಂದ್ಯದಲ್ಲಿ ಪ್ರತಿಯೊಂದು ತಂಡವೂ ಸರದಿಯಂತೆ ಟೈರಿನ ಪರೀಕ್ಷೆಗೆ ದಿನ ಕೊಡುವ ಏರ್ಪಾಡಾದುದು ಯುಕ್ತವೇ. ಆದರೆ ಮುಂದಿನ ವರ್ಷದ ಅಗಲವಾದ ಟೈರನ್ನು 2016ರಲ್ಲಿ ಪರೀಕ್ಷಿಸುವಾಗ ಬಂಡಿಯನ್ನು ಮಾರ್ಪಡಿಸಿ ಒದಗಿಸಿದವು ಮೂರೇ ತಂಡಗಳು: ಮರ್ಸಿಡೀಸ್, ಫೆರಾರಿ, ರೆಡ್ ಬುಲ್. ಹಾಕಿದ ಟೈರು ಯಾವುದೆಂಬುದನ್ನು ಅವುಗಳಿಗೆ ಹೇಳುತ್ತಿರಲಿಲ್ಲವೆಂಬುದು ಸರಿ; ಆದರೂ ಬಾಗಿಲು ತೆರೆದಿದ್ದು ಮೆಟ್ಟಿಲು ಮಾತ್ರ ಧನಿಕರ ಕಾಲಿಗೆ ತಕ್ಕಂತೆ ಇದ್ದರೆ ಸಾಲದು. ಮಾರ್ಪಾಟಿನ ವೆಚ್ಚವನ್ನು ಟೈರಿನ ಕಂಪೆನಿಯೂ ಪಂದ್ಯದ ಆಡಳಿತದವರೂ ಹೊರತಕ್ಕದ್ದು. ಪರೀಕ್ಷೆಯ ದಿನವನ್ನು ಮುಂಚೆಯೇ ಪ್ರಕಟಿಸಿ, ದೊರೆತ ಅಂಕಿಗಳನ್ನು ಅಂದಿನ ಸಂಜೆಯೇ ಕಡೆಯ ಸಾಲಿನ ತಂಡಕ್ಕೂ ಒಪ್ಪಿಸತಕ್ಕದ್ದು.