ಉಸ್ತಾದರಿಗೂ ‘ಬೇಡ’ ಎನ್ನಲು ಮಗುವಿಗೆ ಕಲಿಸಿ

ಹಿರಿಯರನ್ನು ಕಂಡು ಸಲಾಂ ಹೇಳದ ಮಗುವನ್ನು ಅಲ್ಲೇ ಗದರುತ್ತೇವೆ. ‘ಮಾಮನ ಹತ್ರ ಹೋಗು, ಮುತ್ತು ಕೊಡು’ ಅಂತ ಮುಂದಕ್ಕೆ ತಳ್ಳುತ್ತೇವೆ. ಅದು ಉಮ್ಮನ ಹಿಂದೆ ಅಡಗಿಕೊಂಡರೆ ಎಲ್ಲರೂ ನಗುತ್ತೇವೆ. ಅದಬು ಕಲಿಸಲೇಬೇಕು, ಎರಡು ಮಾತಿಲ್ಲ. ಆದರೆ ಇಷ್ಟವಿಲ್ಲದಾಗಲೂ ಮೈ ಮುಟ್ಟಿಸಿಕೊಂಡು ಸುಮ್ಮನಿರುವುದು ಅದಬು ಅಲ್ಲ. ಈ ವ್ಯತ್ಯಾಸ ಗೊತ್ತಿಲ್ಲದ ಮಗುವನ್ನೇ ಕೆಟ್ಟವರು ಹುಡುಕುತ್ತಾರೆ.

ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಕ್ಕೆ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಗಂಡುಮಕ್ಕಳು. ನಾವೋ, ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ, ‘ಅವ ಗಂಡು, ಅವನಿಗೇನಾಗ್ತದೆ’ ಎಂದು ಮಗನನ್ನು ಬಿಟ್ಟುಬಿಡುತ್ತೇವೆ.

ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆ ವ್ಯಾಪಾರಕ್ಕೆ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಈ ಮಾತು ಇನ್ನೂ ಮುಖ್ಯ. ಊರಲ್ಲಾದರೆ ಅಜ್ಜಿ, ಚಿಕ್ಕಮ್ಮ ಅಂತ ನಾಲ್ಕು ಕಣ್ಣು ಇರುತ್ತವೆ. ಇಲ್ಲಿ ಬಾಪ ಸುಬ್‌ಹಿ ಮುಗಿಸಿ ಹೋಟೆಲಿಗೆ ಹೋದರೆ ಬರುವುದು ರಾತ್ರಿ. ಮಗ ಶಾಲೆ ಬಿಟ್ಟು ಅಂಗಡಿಗೆ ಬರುತ್ತಾನೆ, ಅಲ್ಲಿಂದ ಮೊಬೈಲ್ ನೋಡಲು ಮೇಲಿನ ಕೆಲಸದವರ ರೂಮಿಗೆ. ಕೆಲಸದವರು ಕೆಟ್ಟವರೆಂದಲ್ಲ. ಬಾಗಿಲು ಹಾಕಿದ ರೂಮಿನಲ್ಲಿ ಮಗು ಯಾರ ಜೊತೆಗಿದೆ ಎಂದು ನಮಗೆ ಗೊತ್ತಿರುವುದಿಲ್ಲವಲ್ಲ, ತಪ್ಪು ಅಲ್ಲಿದೆ.

ಹಂಪಿಯಲ್ಲಿ ದಾರಿ ತೋರಿಸಲು ಪ್ರವಾಸಿಗರ ಹಿಂದೆ ಹೋಗುವ ಹುಡುಗರೂ ಇದ್ದಾರೆ. ಹಂಪಿಗೆ ಬರುವವರು ಗೋವಾಕ್ಕೂ ಹೋಗುತ್ತಾರೆ. ಗೋವಾದ ಒಂದು ಪ್ರಕರಣ ನೆನಪಿಸಬೇಕು. ಮಡಗಾಂವಿನಲ್ಲಿ ಬಡ ಹುಡುಗರಿಗೆ ಆಶ್ರಯ ಕೊಡುತ್ತೇನೆಂದು ಮನೆ ನಡೆಸುತ್ತಿದ್ದ ಫ್ರೆಡ್ಡಿ ಪೀಟ್ಸ್‌ನನ್ನು 1991ರಲ್ಲಿ ಬಂಧಿಸಿದರು, 1996ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮಕ್ಕಳು ಅವನ ಕೈಗೆ ಸಿಕ್ಕಿದ್ದು ಸೇವೆಯ ಹೆಸರಿನಲ್ಲೇ.

ಮಕ್ಕಳಿಗೆ ಇದನ್ನೆಲ್ಲ ಹೇಳುವುದು ನಾಚಿಕೆಗೇಡು ಎನ್ನುವವರಿಗೆ ಒಂದು ಮಾತು. ಸೂರಾ ಅನ್ನೂರಿನ 58ನೇ ಆಯತ್ ಸುಬ್‌ಹಿಗೆ ಮೊದಲು, ಮಧ್ಯಾಹ್ನದ ವಿಶ್ರಾಂತಿಗೆ, ಇಶಾದ ನಂತರ, ಹೀಗೆ ಮೂರು ಹೊತ್ತು ಪ್ರಾಯಕ್ಕೆ ಬಾರದ ಮಕ್ಕಳೂ ಅನುಮತಿ ಕೇಳಿಯೇ ಒಳಬರಬೇಕೆನ್ನುತ್ತದೆ. ಹತ್ತು ವರ್ಷಕ್ಕೆ ಮಕ್ಕಳ ಹಾಸಿಗೆ ಬೇರೆ ಮಾಡಲು ಹದೀಸಿನಲ್ಲಿದೆ. ಔರತ್ ಮುಚ್ಚುವುದನ್ನು ನಮಾಝಿನ ಶರ್ತ್ ಎಂದು ಬಾಯಿಪಾಠ ಮಾಡಿಸುತ್ತೇವೆ. ಅದರ ಜೊತೆಗೇ ಹೇಳಿಕೊಡಿ: ಚಡ್ಡಿಯೊಳಗಿನ ಜಾಗವನ್ನು ಯಾರೂ ಮುಟ್ಟಬಾರದು, ಮುಟ್ಟು ಎಂದು ನಿನಗೂ ಹೇಳಬಾರದು. ಡಾಕ್ಟರು ನೋಡುವಾಗಲೂ ಉಮ್ಮ ಪಕ್ಕದಲ್ಲಿರಬೇಕು. ಯಾರಾದರೂ ಮುಟ್ಟಿದರೆ ‘ಬೇಡ’ ಎಂದು ಕೂಗು, ಓಡಿ ಬಾ, ಬಂದು ಹೇಳು. ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳು. ಹೆದರಿ ಕೂಗಲಾಗದಿದ್ದರೂ ತಪ್ಪು ನಿನ್ನದಲ್ಲ. ‘ಯಾರಿಗೂ ಹೇಳಬೇಡ’ ಅಂದರೆ ಅದನ್ನೇ ಮೊದಲು ಹೇಳು.

ಮಗು ಧೈರ್ಯ ಮಾಡಿ ಹೇಳಿತು ಅಂತಿಟ್ಟುಕೊಳ್ಳಿ. ಮುಂದೆ? ‘ಮರ್ಯಾದೆ ಪ್ರಶ್ನೆ’ ಎಂದು ಜಮಾಅತಿನ ನಾಲ್ಕು ಮಂದಿ ಕೂತು ಮುಗಿಸಿಬಿಡುವುದು, ತಪ್ಪಿತಸ್ಥ ಉಸ್ತಾದರಾಗಿದ್ದರೆ ಬೇರೆ ಮೊಹಲ್ಲಾಕ್ಕೆ ಸಾಗಹಾಕುವುದು. ಅಲ್ಲೂ ಮಕ್ಕಳಿದ್ದಾರೆ! 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಷಯ ಗೊತ್ತಿದ್ದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಸ್ಟೇಷನ್ನಿನ ಭಯವೂ ಅಷ್ಟು ಬೇಡ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಸಮವಸ್ತ್ರ ತೊಡದ ಅಧಿಕಾರಿ, ಸಾಧ್ಯವಾದಷ್ಟೂ ಮಹಿಳೆಯೇ ಪಡೆಯಬೇಕು. ಹೆಸರು, ಫೋಟೋ ಪತ್ರಿಕೆಯಲ್ಲಿ ಬರುವಂತಿಲ್ಲ. ಗಂಡು ಮಗುವಿಗೂ ಇದೇ ಕಾನೂನು. 1098ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಮಗುವೂ ಮಾಡಬಹುದು.

ಮದ್ರಸದ ಕ್ಲಾಸಿನ ಬಾಗಿಲು ತೆರೆದೇ ಇರಲಿ. ಪಾಠ ಮುಗಿದ ಮೇಲೆ ಒಬ್ಬೊಂಟಿ ಮಗುವನ್ನು ಉಸ್ತಾದರ ರೂಮಿಗೆ ಚಹಾ, ಊಟ ತರಲು ಕಳಿಸುವ ರೂಢಿ ನಿಲ್ಲಲಿ. ಇದರಿಂದ ಒಳ್ಳೆಯ ಉಸ್ತಾದರಿಗೂ ರಕ್ಷಣೆ. ಶವ್ವಾಲಿನಲ್ಲಿ ಮದ್ರಸ ಶುರುವಾಗುವಾಗ ಕಮಿಟಿಯವರು ಫೀಸು, ಸಮವಸ್ತ್ರದ ಜೊತೆ ಇದನ್ನೂ ಪೋಷಕರ ಸಭೆಯಲ್ಲಿ ಮಾತನಾಡಲಿ. ಆ ಸಭೆಗೆ ಉಮ್ಮಂದಿರನ್ನೂ ಕರೆಯಲಿ. ಮಗು ಹೆಚ್ಚಾಗಿ ಬಾಯಿ ಬಿಡುವುದು ಅವರ ಹತ್ತಿರವೇ.