ಮೊದಲು ಹಳ್ಳ, ಆಮೇಲೆ ಕೋಣೆ



ತೋಟದ ಕೆರೆಯ ದಂಡೆಯಲ್ಲಿ ಒಂದೆರಡು ಕೋಣೆ ಕಟ್ಟಿ, ಪಟ್ಟಣದವರು ತಾವೇ ಬೇಯಿಸಿಕೊಂಡು, ಗಾಳ ಹಾಕುತ್ತ ಎರಡು ದಿನ ಕಳೆಯುವಂತೆ ಏರ್ಪಾಡು ಮಾಡಿದರೆ ಹೇಗೆಂಬ ಮಾತು ಸಣ್ಣ ಬೆಳೆಗಾರರಲ್ಲಿ ಆಗಾಗ ಬರುತ್ತಿದೆ. ನೀಲಗಿರಿಯ ಟ್ರೌಟ್ ಮೀನಿನ ಮೋಹವೂ ಅದರ ಜೊತೆಗಿದೆ. ಯೋಚನೆ ಕೆಟ್ಟದ್ದಲ್ಲ. ಒಲೆ, ಪಾತ್ರೆ ಒದಗಿಸಿ ಅಡುಗೆಯನ್ನು ಅತಿಥಿಗಳಿಗೇ ಬಿಟ್ಟರೆ ಮನೆಯ ಹೆಂಗಸರ ಮೇಲೆ ಇನ್ನೊಂದು ಹೊರೆ ಬೀಳುವುದಿಲ್ಲ. ಇದನ್ನೇ ನಾವು ಅದರ ಮೊದಲ ಗುಣವೆಂದು ಎಣಿಸುತ್ತೇವೆ.

ಆದರೆ ಟ್ರೌಟ್ ನಮ್ಮ ಕೆರೆಯ ಮೀನಲ್ಲ. 1863ರಲ್ಲಿ ಫ್ರಾನ್ಸಿಸ್ ಡೇ ಅದನ್ನು ನೀಲಗಿರಿಗೆ ತರಲು ಮಾಡಿದ ಯತ್ನ ಕೈಗೂಡಲಿಲ್ಲ. ಮುಂದೆ ಎಚ್. ಸಿ. ವಿಲ್ಸನ್ನರ ಪ್ರಯತ್ನದಿಂದ 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರವಾಯಿತು. ಮೀನು ಅಲ್ಲಿ ನೆಲೆಯೂರಿತು. ಅದು ಸುಮಾರು 2,000 ಮೀಟರ್ ಎತ್ತರದ ತಣ್ಣೀರಿನ ಜಾಗ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಈ ಮೀನು ಸೊರಗುತ್ತದೆ. ನಮ್ಮ ತೋಟಗಳು ಬಹುಪಾಲು 1,500 ಮೀಟರಿಗಿಂತ ಕೆಳಗಿವೆ. ಆದ್ದರಿಂದ ಟ್ರೌಟ್ ಮರಿಗೆ ಯಾರೂ ಹಣ ಸುರಿಯುವುದು ಬೇಡ.

ಟ್ರೌಟಿನಿಂದ ಕಲಿಯಬೇಕಾದ ಪಾಠ ಬೇರೆಯೇ ಇದೆ. ನೀರು ಕೆಟ್ಟರೆ ಮೀನಿಲ್ಲ. ಮೀನಿಲ್ಲದ, ನಾರುವ ಕೆರೆಯ ದಂಡೆಗೆ ಅತಿಥಿಯೂ ಇಲ್ಲ. ಊರಿನ ಮೀನುಗಳಿಗೂ ಇದೇ ನಿಯಮ. ಕಾಫಿ ಪಲ್ಪಿಂಗಿನ ನೀರು ಹಳ್ಳ ಸೇರಿದರೆ ಅದರ ಸಿಹಿ ಅಂಶ ಕೊಳೆಯುತ್ತ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಪಲ್ಪಿಂಗಿನ ಕಾಲ, ಹಳ್ಳ ಸಣಕಲಾಗುವ ಕಾಲ, ಪ್ರವಾಸಿಗರು ಬರುವ ಕಾಲ ಮೂರೂ ಒಂದೇ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವೂ ಮೀನಿಗೆ ವಿಷವೇ.

ಮೇಲಿನ ತೋಟದವರು ಬಿಟ್ಟದ್ದು ಕೆಳಗಿನ ತೋಟದ ಕೆರೆಗೆ ಬರುತ್ತದೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಸಹಕಾರ ಬೇಕಾದದ್ದು ಇಲ್ಲಿಯೇ. ಒಂದೇ ಹಳ್ಳಕ್ಕೆ ಸೇರಿದವರು ಕೂಡಿ ಕುಳಿತು ಮೂರು ನಿರ್ಧಾರ ಮಾಡಲಿ: ಪಲ್ಪಿಂಗ್ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ ಸುಣ್ಣ ಹಾಕುವುದು, ಸಿಪ್ಪೆಯನ್ನು ಗೊಬ್ಬರಕ್ಕೆ ಒಯ್ಯುವುದು, ಔಷಧಿ ಪಂಪನ್ನು ಹಳ್ಳದಲ್ಲಿ ತೊಳೆಯದಿರುವುದು. ಇಷ್ಟಾದ ಮೇಲೆ ಕೋಣೆಯ ಮಾತು ಬರಲಿ. ಅತಿಥಿ ಬಾರದಿದ್ದರೂ ನಷ್ಟವೇನಿಲ್ಲ. ಆ ನೀರನ್ನು ಕುಡಿಯುವವರು ನಾವೇ ತಾನೇ?