ಮಾದಪ್ಪನ ಬೆಟ್ಟಕ್ಕೆ ಹಗಲು ನಡೆಯೋದೋ, ರಾತ್ರಿಯೋ?

ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಕೊಳ್ಳೇಗಾಲದ ಮನೆಗಳಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಹರಕೆ ನೆನಪಾಗುತ್ತದೆ. ಮಲೆ ಮಹದೇಶ್ವರ ಬೆಟ್ಟ ಇಲ್ಲಿಂದ ಸುಮಾರು 80 ಕಿ.ಮೀ.; ಯಳಂದೂರಿನಿಂದ ಹೊರಡುವವರಿಗೆ ಇನ್ನೂ 15 ಕಿ.ಮೀ. ಜಾಸ್ತಿ. ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿ ದಾಟಿ ತಾಳಬೆಟ್ಟ ಸೇರಿದರೆ ಅಲ್ಲಿಂದ ಏರು. ದಾರಿಯ ಬಗ್ಗೆ ಯಾರಿಗೂ ತಕರಾರಿಲ್ಲ. ಯಾವ ಹೊತ್ತಿನಲ್ಲಿ ನಡೆಯಬೇಕು ಅನ್ನುವುದಕ್ಕೆ ಮಾತ್ರ ಪ್ರತಿ ವರ್ಷವೂ ವಾದ.

ರಾತ್ರಿಯೇ ಸರಿ ಎನ್ನುವವರು ತಮ್ಮ ಅಂಗಾಲು ತೋರಿಸುತ್ತಾರೆ. "ಮಧ್ಯಾಹ್ನದ ಟಾರು ಬರಿಗಾಲಲ್ಲಿ ತುಳಿದು ನೋಡು ಮಗ, ಆಮೇಲೆ ಮಾತಾಡು" ಅಂದಿದ್ದರು ನಮ್ಮ ಸೋದರಮಾವ. ಹನೂರು ಮುಟ್ಟುವಷ್ಟರಲ್ಲಿ ಅವರ ಹಿಮ್ಮಡಿಯಲ್ಲಿ ಎದ್ದಿದ್ದ ಬೊಬ್ಬೆ ಒಡೆದು, ಅದಕ್ಕೆ ಮಣ್ಣು ಮೆತ್ತಿಕೊಂಡಿತ್ತು. ಕೊಬ್ಬರಿ ಎಣ್ಣೆ ಸವರಿ, ಬಟ್ಟೆ ಸುತ್ತಿಕೊಂಡು ಮತ್ತೆ ಎದ್ದರು. ಚಪ್ಪಲಿ ಮೆಟ್ಟಿ ಅನ್ನುವ ಧೈರ್ಯ ನನಗಿರಲಿಲ್ಲ; ಹರಕೆ ಅವರದು. ತಂಪು ಹೊತ್ತಿನಲ್ಲಿ ದಣಿವು ಕಡಿಮೆ, ನೀರು ಹೊರುವ ಭಾರವೂ ಕಡಿಮೆ. ಗುಂಪಿನಲ್ಲಿ "ಉಘೇ ಮಾದಪ್ಪ" ಅಂದುಕೊಂಡು ನಡೆದರೆ ಮೈಲಿ ಸವೆದದ್ದೇ ತಿಳಿಯದು. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಲಾಗದು.

ಹಗಲಿನವರ ಮಾತಲ್ಲೂ ತೂಕವಿದೆ. ಪಂಚಾಂಗ ತೆಗೆದು ನೋಡಿ: ಶಿವರಾತ್ರಿ, ಯುಗಾದಿ, ದೀಪಾವಳಿ, ಬೆಟ್ಟದ ದೊಡ್ಡ ಜಾತ್ರೆಗಳೆಲ್ಲ ಅಮಾವಾಸ್ಯೆಯ ಆಸುಪಾಸಿನಲ್ಲೇ. ಬೆಳದಿಂಗಳ ಆಸರೆ ಸಿಗುವುದೇ ಇಲ್ಲ. ತಾಳಬೆಟ್ಟದಿಂದಾಚೆ ಕಾಡು. ಈ ಮಲೆಗಳನ್ನು 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಆನೆ, ಚಿರತೆ, ಹುಲಿಗಳ 900 ಚದರ ಕಿ.ಮೀ.ಗೂ ಮಿಗಿಲಾದ ನೆಲ. ಕವಲಿನಲ್ಲಿ ನಿಂತ ಆನೆ ಕತ್ತಲಲ್ಲಿ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ಒಳದಾರಿ ಹಿಡಿದರಂತೂ ಕೂಗಿದರೂ ಕೇಳುವವರಿಲ್ಲ.

ಮಾದಪ್ಪನೇ ಕಾಯುತ್ತಾನೆ ಅನ್ನುವವರ ನಂಬಿಕೆ ನನ್ನದೂ ಹೌದು. ಆದರೆ ಹುಲಿ ಅವನ ವಾಹನ; ಅದನ್ನು ಕಾಯುವ ಹೊಣೆ ನಮ್ಮದೂ ಹೌದು. 2025ರ ಜೂನ್‌ನಲ್ಲಿ ಇದೇ ಮಲೆಯ ಹೂಗ್ಯಂ ವಲಯದಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತವು. ಆ ಸುದ್ದಿ ಓದಿದ ಮೇಲೆ, ರಾತ್ರಿ ಹೊತ್ತು ಟಾರ್ಚು, ತಮಟೆ, ಪಟಾಕಿ ಹಿಡಿದು ಕಾಡಿಗೆ ನುಗ್ಗುವುದನ್ನು ಭಕ್ತಿ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ. ನಮ್ಮ ಜೀವಕ್ಕೆ ಅಪಾಯವಿರುವಷ್ಟೇ ಕಾಡುಪ್ರಾಣಿಗಳ ನೆಮ್ಮದಿಗೂ ಭಂಗ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಕೊಳ್ಳೇಗಾಲದಿಂದ ಕೌದಳ್ಳಿಯವರೆಗೆ ಹೊಲ, ಊರುಗಳ ಬದಿಯ ದಾರಿ. ಅಲ್ಲಿ ಸಂಜೆ, ಬೆಳಗಿನ ಜಾವ ನಡೆಯಿರಿ, ಬೆನ್ನಿಗೆ ಹೊಳೆಯುವ ಪಟ್ಟಿ ಅಂಟಿಸಿಕೊಳ್ಳಿ, ಲಾರಿಗಳವರಿಗೆ ನೀವು ಕಾಣಬೇಕು. ಹೊರಡುವ ಒಂದು ತಿಂಗಳ ಮುಂಚಿನಿಂದ ದಿನವೂ ನಡೆದು ಕಾಲು ಪಳಗಿಸಿ. ಬರಿಗಾಲ ಹರಕೆಯಿದ್ದರೆ ಆ ಅಭ್ಯಾಸವೂ ಬರಿಗಾಲಲ್ಲೇ ಆಗಲಿ. ಕತ್ತಲಾದ ಮೇಲೆ ತಾಳಬೆಟ್ಟ ತಲುಪಿದರೆ ಅಲ್ಲೇ ಮಲಗಿ. ಬೆಳಕು ಹರಿದ ಮೇಲೆ ಎಲ್ಲರೂ ಜೊತೆಯಾಗಿ ಬೆಟ್ಟ ಹತ್ತಿ.